ಗೂಡಿನಿಂದ ಏನು ಬರುತ್ತದೆ

ವಿರೂಪಾಕ್ಷಿಪುರ
೨೧ ಜುಲೈ ೨೦೨೪, ಭಾನುವಾರ

ಅವ್ವ,

ನಾನು ಚೆನ್ನಾಗಿದ್ದೇನೆ, ನಿನ್ನ ಅಳಿಯ ಮಹೇಂದ್ರ ಚೆನ್ನಾಗಿದ್ದಾರೆ, ನೀನೂ ಚೆನ್ನಾಗಿದ್ದೀಯ ಎಂದು ನಿನ್ನೆ ಫೋನಿನಲ್ಲೇ ಗೊತ್ತಾಯಿತು. ಹಾಗಾಗಿ ಆ ಸಾಲುಗಳನ್ನೆಲ್ಲ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಕೈಯಲ್ಲಿ ಫೋನಿರುವಾಗ ಇವಳಿಗೇಕೆ ಪತ್ರದ ಹುಚ್ಚು ಎಂದುಕೊಳ್ಳಬೇಡ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀಯ. ಆಮೇಲೆ ತಮ್ಮ ಪ್ರಕಾಶ, ಅವನ ಹೆಂಡತಿ, ಡೈರಿಗೆ ಹಾಲು ಹಿಡಿದು ಹೋಗುತ್ತಾ ಬಾಗಿಲಲ್ಲಿ ನಿಂತವರು, ಎಲ್ಲರೂ ನನ್ನ ಮಾತು ಕೇಳಿಸಿಕೊಳ್ಳುತ್ತಾರೆ. ಅಲ್ಲದೆ ನಿನ್ನೆ ನಾನು ನೀನು ಕೊಟ್ಟ ರೇಷ್ಮೆ ಗೂಡಿನ ವಿಷಯ ಎತ್ತಿದ ತಕ್ಷಣ ನೀನು, ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಟ್ಟೆ. ಮಟಮಟ ಮಧ್ಯಾಹ್ನ ನಮ್ಮ ಮನೆಯ ಒಲೆ ಮೇಲೆ ಹಾಲಿದ್ದದ್ದನ್ನು ನಾನಂತೂ ಕಂಡಿಲ್ಲ.

ಇವಳ ಅನುಮಾನದ ಬುದ್ಧಿ ಇನ್ನೂ ಹೋಗಿಲ್ಲ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಮಹೇಂದ್ರ ಕೂಡ ಅದನ್ನೇ ಹೇಳುತ್ತಾರೆ. ನೀನು ಮೇಡಂ ಆಗುವ ಬದಲು ಪೊಲೀಸ್ ಇಲಾಖೆಗೆ ಸೇರಿದ್ದರೆ ಚನ್ನಪಟ್ಟಣದಲ್ಲಿ ಕಳ್ಳರೇ ಇರುತ್ತಿರಲಿಲ್ಲ ಎಂದು ರೇಗಿಸುತ್ತಾರೆ. ರೇಗಿಸಲಿ. ಈ ಸಲ ನಾನು ಅನುಮಾನಿಸಿದ್ದು ಸುಮ್ಮನೆ ಅಲ್ಲ. ಪೂರ್ತಿ ಓದು, ನಡುವೆ ಮಡಚಿ ಇಡಬೇಡ. ಕೊನೆಯಲ್ಲಿ ನಿನ್ನನ್ನು ಒಂದು ಮಾತು ಕೇಳುವುದಿದೆ.

ಗೂಡು ಯಾಕೆ ಬೇಕೆಂದು ಅವತ್ತು ನಾನು ಬಿಡಿಸಿ ಹೇಳಲಿಲ್ಲ. ಶಾಲೆಗೆ ಬೇಕು ಎಂದೆ, ನೀನೂ ಅಷ್ಟಕ್ಕೇ ತಲೆಯಾಡಿಸಿದೆ. ಈಗ ಹೇಳುತ್ತೇನೆ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ನಾನು ಪರಿಸರ ಅಧ್ಯಯನ ಮಾಡುತ್ತೇನಲ್ಲ, ಅದರಲ್ಲಿ ಕೀಟಗಳ ಜೀವನಚಕ್ರದ ಪಾಠ ಬಂತು. ಈ ಊರಿನಲ್ಲಿ ಹೆಚ್ಚುಪಾಲು ರೇಷ್ಮೆ ಸಾಕುವ ಮನೆಗಳೇ. ಇವರಿಗೆ ನಾನೇನು ಹೇಳಿಕೊಡುವುದು, ಇವರೇ ನನಗೆ ಹೇಳಿಕೊಡಲಿ ಎಂದುಕೊಂಡು, ರೇಷ್ಮೆ ಹುಳು ಹುಟ್ಟಿದ ಮೇಲೆ ಏನೇನಾಗುತ್ತದೆ ಚಿತ್ರ ಬರೆಯಿರಿ ಎಂದೆ. ಐದನೇ ತರಗತಿಯ ಭಾನುಪ್ರಿಯ ಬರೆದದ್ದನ್ನು ನೀನು ನೋಡಬೇಕಿತ್ತು. ಮೊದಲು ಒಂದು ಆಟೋ. ಅದರಿಂದ ಮರಿ ಸಾಕಿ ಮಾರುವ ಚಾಕಿ ಕೇಂದ್ರದ ತಟ್ಟೆಗಳಲ್ಲಿ ಮರಿಹುಳುಗಳು ಇಳಿಯುತ್ತವೆ. ಆಮೇಲೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿರುವ ಹುಳು, ಆಮೇಲೆ ಬಿದಿರಿನ ಚಂದ್ರಿಕೆ ತಟ್ಟಿಯ ತುಂಬ ಗೂಡು, ಕೊನೆಗೆ ಮತ್ತೊಂದು ಆಟೋ, ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ರಾಮನಗರ ಎಂದು ಬೋರ್ಡು. ಉಳಿದವರದೂ ಹೆಚ್ಚುಕಡಿಮೆ ಅದೇ, ಒಬ್ಬನ ಚಿತ್ರದಲ್ಲಿ ಮಾತ್ರ ಆಟೋ ಬದಲು ಟೆಂಪೋ. ಆ ಜೀವನಚಕ್ರದಲ್ಲಿ ಚಕ್ರ ಇದ್ದದ್ದು ಗಾಡಿಗಳಿಗೆ ಮಾತ್ರ. ನಾನು ಒಬ್ಬಳೇ ಬಹಳ ಹೊತ್ತು ನಕ್ಕೆ.

ಗೂಡಿನೊಳಗೆ ಹುಳ ಏನಾಗುತ್ತದೆ ಎಂದು ಕೇಳಿದೆ. ಅದರ ಕೆಲಸ ಮುಗಿಯಿತಲ್ಲ ಮಿಸ್, ಸತ್ತುಹೋಗುತ್ತದೆ ಎಂದರು. ಇಲ್ಲ, ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಮೊಟ್ಟೆ ಇಡುತ್ತದೆ ಎಂದೆ. ತರಗತಿಗೆ ತರಗತಿಯೇ ನಕ್ಕುಬಿಟ್ಟಿತು. ಒಬ್ಬಳು, ತಮ್ಮ ಮನೆಯ ಚಂದ್ರಿಕೆ ಹಿಂದೆ ಒಂದು ಬಿಳಿ ಹುಳ ರೆಕ್ಕೆ ಬಡಿಯುತ್ತಿತ್ತು, ಅಜ್ಜಿ ಗುಡಿಸಿ ಹಾಕಿದಳು ಎಂದಳು. ಅದು ಬೇರೆ ಹುಳ ಎಂದು ಉಳಿದವರು ಅವಳ ಬಾಯಿ ಮುಚ್ಚಿಸಿದರು. ಅವರದು ತಪ್ಪು ಎನ್ನುವುದು ಹೇಗೆ? ಗೂಡು ಬಿಡಿಸಿದ ಮರುದಿನವೇ ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಬೇಯಿಸಿ ನೂಲು ತೆಗೆಯುವವರ ಮನೆಗೆ. ಚಿಟ್ಟೆ ಬರುವಷ್ಟು ದಿನ ಯಾವ ಮನೆಯಲ್ಲೂ ಗೂಡು ಇರುವುದಿಲ್ಲ. ನೋಡದೆ ನಂಬಬೇಡಿ ಎಂದು ವರ್ಷವಿಡೀ ಹೇಳುವವಳು ನಾನೇ. ಅವರು ನೋಡಿರಲಿಲ್ಲ, ನಂಬಲಿಲ್ಲ. ಸರಿ, ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು ಚೈತನ್ಯ ಇದ್ದಾನಲ್ಲ, ಹೋದ ವರ್ಷ ಬಂದ ಹುಡುಗ, ಅವನು ಮೊಬೈಲಿನಲ್ಲಿ ವಿಡಿಯೋ ತೋರಿಸಿದರೆ ಎರಡು ನಿಮಿಷದ ಕೆಲಸ ಎಂದ. ತೋರಿಸಿಯೂ ತೋರಿಸಿದ. ಮೊಬೈಲಿನಲ್ಲಿ ಆನೆ ಹಾರುವುದನ್ನೂ ತೋರಿಸುತ್ತಾರೆ ಎಂದು ಒಬ್ಬ ಪುಟ್ಟ ಹೇಳಿದ ಮೇಲೆ ಆ ದಾರಿ ಅಲ್ಲಿಗೇ ಮುಚ್ಚಿತು. ನಿಜವಾದ ಗೂಡೇ ಬೇಕಾಯಿತು. ಆದರೆ ಈ ಊರಿನಲ್ಲಿ ಮಾರಾಟಕ್ಕೆ ಮುಂಚೆ ಮನೆಯ ಗೂಡು ಒಂದನ್ನೂ ಹೊರಗಿನವರ ಕೈಗೆ ಕೊಡುವುದಿಲ್ಲ, ಅದು ನಿನಗೂ ಗೊತ್ತು, ನೀನೂ ಕೊಡುವವಳಲ್ಲ. ನಾನು ಮಗಳಾದದ್ದರಿಂದ ಬಸ್ಸು ಹತ್ತಿ ಕನಕಪುರಕ್ಕೆ ಬಂದೆ.

ನೀನು ಕೊಟ್ಟ ಗೂಡುಗಳನ್ನು ನೋಡಿ ಮಕ್ಕಳು ಮೂಗಿನ ಮೇಲೆ ಬೆರಳಿಟ್ಟರು. ಎಷ್ಟು ಗಟ್ಟಿ, ಎಷ್ಟು ಬಿಳುಪು, ನಿಮ್ಮ ಅವ್ವನೋರ ಬೆಳೆ ಬಲು ಚೆನ್ನಾಗಿದೆ ಎಂದು ದೊಡ್ಡವರ ಹಾಗೆ ಮೆಚ್ಚಿಕೊಂಡರು. ಶೂ ಡಬ್ಬಿಗೆ ತೂತು ಮಾಡಿ, ಹುಲ್ಲು ಹಾಸಿ, ಗೂಡು ಇಟ್ಟೆವು. ಪ್ರತಿಯೊಬ್ಬರಿಗೂ ತಮ್ಮದೊಂದು ಗೂಡು. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಓಡಿಬಂದು ಡಬ್ಬಿ ತೆರೆಯುತ್ತಿದ್ದರು. ಐದಾರು ದಿನ ಕಳೆಯಿತು, ವಾರ ಕಳೆಯಿತು, ಎರಡನೇ ವಾರವೂ ಕಳೆಯಿತು. ಒಂದು ಗೂಡಿನಲ್ಲೂ ಸೂಜಿಮೊನೆಯಷ್ಟು ತೂತು ಕಾಣಲಿಲ್ಲ. ಮಕ್ಕಳು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಡಬ್ಬಿ ನೋಡುವುದನ್ನೇ ಬಿಟ್ಟರು. ಮಿಸ್ ಹೇಳಿದ್ದು ಸುಳ್ಳು ಎಂದು ಆಟದ ಬಯಲಿನಲ್ಲಿ ಮಾತಾಡಿಕೊಳ್ಳುವುದು ನನ್ನ ಕಿವಿಗೇ ಬಿತ್ತು. ನನಗೆ ಅವಮಾನವಾದದ್ದು ನಿಜ ಅವ್ವ, ಆದರೆ ಅದಕ್ಕಿಂತ ಹೆಚ್ಚು ಭಯವಾಯಿತು. ಇವತ್ತು ಚಿಟ್ಟೆ ಸುಳ್ಳಾದರೆ ನಾಳೆ ನಾನು ಹೇಳುವ ಭೂಮಿ ಸುತ್ತುವುದೂ ಸುಳ್ಳೇ.

ಯಾರೋ ಏನೋ ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮೊದಲು ಕಣ್ಣು ಬಿದ್ದದ್ದು ಚೈತನ್ಯನ ಮೇಲೆ. ಡಬ್ಬಿಯ ಮುಚ್ಚಳಕ್ಕೆ ಯಾರಿಗೂ ಕಾಣದ ಹಾಗೆ ಒಂದು ಕೂದಲು ಅಂಟಿಸಿ ಹೋದೆ. ಮರುದಿನ ಅದು ಹರಿದಿತ್ತು. ಕೇಳಿದರೆ, ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಲು ಫೋಟೋ ತೆಗೆದೆ ಎಂದು ಹಲ್ಲು ಕಿರಿದ, ಫೋಟೋವನ್ನೂ ತೋರಿಸಿದ. ತನ್ನ ವಿಡಿಯೋ ನಂಬದ ಮಕ್ಕಳು ನನ್ನ ಡಬ್ಬಿ ನಂಬಿದರಲ್ಲ ಎಂಬ ಉರಿ ಅವನಿಗೆ ಇದ್ದೇ ಇದೆ ಎಂದು ಅವತ್ತು ಮಹೇಂದ್ರರ ಹತ್ತಿರ ವಾದಿಸಿದೆ. ಮಹೇಂದ್ರ ಊಟ ಮುಗಿಸಿ ಎದ್ದು ಹೋದರು.

ಆಮೇಲೆ ಭಾನುಪ್ರಿಯಳ ತಾತ ಬೋರಲಿಂಗಯ್ಯನವರು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಸೊಪ್ಪಿನ ತೋಟ ಅವರದು, ಶಾಲೆಯ ಸಮಿತಿಯಲ್ಲೂ ಅವರ ಮಾತೇ ಮಾತು. ಒಂದು ಮಧ್ಯಾಹ್ನ ನಾನು ಬರುವಷ್ಟರಲ್ಲಿ ಡಬ್ಬಿಯ ಹತ್ತಿರ ನಿಂತಿದ್ದರು. ಡಬ್ಬಿಯ ಸುತ್ತ ಬಿಳಿ ಪುಡಿ ಚೆಲ್ಲಿತ್ತು, ಮೂಗಿಗೆ ಬ್ಲೀಚಿಂಗ್ ಪುಡಿಯ ಘಾಟು ಹೊಡೆಯಿತು. ಸಿಕ್ಕಿಬಿದ್ದರು ಎಂದುಕೊಂಡೆ. ಅವರು ಮುಚ್ಚುಮರೆ ಇಲ್ಲದೆ, ಹೊರಗಿನ ಗೂಡು ಊರಿಗೆ ಬಂದರೆ ರೋಗ ಹರಡದಿರಲಿ ಎಂದು ಸುತ್ತ ಪುಡಿ ಹಾಕುವುದು ಪದ್ಧತಿ, ಒಳಗೆ ಹಾಕಿಲ್ಲ, ನೋಡಿಕೊಳ್ಳಿ ಎಂದರು. ನೋಡಿದೆ, ಒಳಗೆ ಇರಲಿಲ್ಲ. ಹೊರಡುವಾಗ ಅವರು ಹೇಳಿದ ಮಾತು ಮಾತ್ರ ನನಗೆ ಇನ್ನೂ ಅರಗಿಲ್ಲ.

"ಮೇಡಮ್ಮೋರೆ, ಗೂಡಿಂದ ಏನ್ ಬತ್ತದೆ ಅಂತ ನಮಗೂ ಗೊತ್ತು. ಆದ್ರೆ ಮಕ್ಕಳಿಗ್ಯಾಕೆ ಅದು? ನಾಳೆ ನನ್ ಮೊಮ್ಮಗಳು ಚಂದ್ರಿಕೆ ಮುಂದೆ ಕುಂತ್ಕಂಡು, ತಾತ ಇದ ಮಾರ್ಬ್ಯಾಡ, ಒಳಗೆ ಜೀವ ಐತೆ ಅಂದ್ರೆ ನಾನೇನ್ ಮಾಡ್ಲಿ?"

ಉತ್ತರ ಹೊಳೆಯದ ಸಿಟ್ಟಿಗೆ ಅವರ ಮೇಲಿನ ಅನುಮಾನ ಇನ್ನೂ ಗಟ್ಟಿಯಾಯಿತು. ಇಷ್ಟು ದೊಡ್ಡ ಕಾರಣ ಇಟ್ಟುಕೊಂಡವರು ಪುಡಿಯನ್ನು ಹೊರಗೆ ಮಾತ್ರ ಹಾಕಿ ಸುಮ್ಮನಿರುತ್ತಾರೆಯೇ ಎಂದು ಯೋಚಿಸುತ್ತಾ ಕೂತೆ.

ಕೊನೆಗೆ ಕೆಂಚಮ್ಮ. ಬಿಸಿಯೂಟ ಮಾಡುವ ಕೆಂಚಮ್ಮನನ್ನು ನೀನು ನೋಡಿದ್ದೀಯ, ಶಾಲೆಗೆ ಬಂದಾಗ ನಿನಗೆ ಬಲವಂತದಿಂದ ಎರಡನೇ ಸಲ ಸಾರು ಬಡಿಸಿದವರು. ಒಂದು ಸೋಮವಾರ ಬಂದು ನೋಡಿದರೆ ಡಬ್ಬಿ ತರಗತಿಯಲ್ಲಿ ಇಲ್ಲ. ಅಡುಗೆ ಕೋಣೆಯಲ್ಲಿ, ಗ್ಯಾಸ್ ಒಲೆಯ ಮೇಲಿನ ಹಲಗೆಯಲ್ಲಿದೆ. ಮುಟ್ಟಿದೆ, ಬೆಚ್ಚಗಿತ್ತು. ನನ್ನ ತಲೆಯಲ್ಲಿ ಎಲ್ಲವೂ ಕೂಡಿಕೊಂಡಿತು. ಬೋರಲಿಂಗಯ್ಯನವರ ತೋಟದಲ್ಲಿ ಸೊಪ್ಪು ಕೊಯ್ಯಲು ಹೋಗುವವರು ಕೆಂಚಮ್ಮ, ಅವರು ಹೇಳಿದ್ದಾರೆ, ಇವರು ಮಾಡಿದ್ದಾರೆ. ಮಕ್ಕಳು ತಟ್ಟೆ ಹಿಡಿದು ನಿಂತಿರುವಾಗಲೇ, ಡಬ್ಬಿಯನ್ನು ಒಲೆ ಮೇಲೆ ಇಟ್ಟಿದ್ದು ಯಾರ ಮಾತು ಕೇಳಿ ಎಂದು ಕೇಳಿಬಿಟ್ಟೆ. ಕೆಂಚಮ್ಮ ಸೌಟು ಕೆಳಗಿಟ್ಟರು.

"ನಿಮ್ ಗೂಡು ಕೊಂದು ನಂಗೇನಾಗ್ಬೇಕಾಗೈತೆ ಮಿಸ್ಸಮ್ಮ? ಭಾನುವಾರ ಇಲಿ ಬಂದ್ಬುಟ್ಟಾವು ಅಂತ ಮ್ಯಾಕೆ ಮಡಗಿದ್ದೆ. ಕೇಳೋದಿದ್ರೆ ನನ್ನೊಬ್ಳನ್ನೇ ಕರೆದು ಕೇಳಿ. ಈ ಮಕ್ಳ ಮುಂದೆ ನನ್ನ ಅಂಗ್ ನೋಡ್ಬ್ಯಾಡಿ."

ಮಕ್ಕಳು ಎರಡು ಪಕ್ಷವಾದರು. ಮಿಸ್ ಸುಳ್ಳು ಹೇಳಿದರು ಎನ್ನುವವರು ಕೆಲವರು, ಕೆಂಚಮ್ಮ ಬೇಯಿಸಿ ಸಾಯಿಸಿದರು ಎನ್ನುವವರು ಹಲವರು. ನನ್ನ ಮರ್ಯಾದೆ ಉಳಿಯಬೇಕಾದರೆ ಎರಡನೆಯದೇ ನಿಜವಾಗಬೇಕಿತ್ತು, ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಮಾತು ಮನೆಮನೆಗೆ ಹೋಯಿತು. ಕೆಂಚಮ್ಮ ಈಗ ನನ್ನ ತಟ್ಟೆಗೆ ಅನ್ನ ಹಾಕುತ್ತಾರೆ, ಮುಖ ನೋಡುವುದಿಲ್ಲ. ಸ್ವಾತಂತ್ರ್ಯ ದಿನಾಚರಣೆ ಮುಗಿದ ಮೇಲೆ ಅಡುಗೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದಾರಂತೆ. ಮಕ್ಕಳಿಗೆ ಅನ್ನ ಹಾಕುವ ಕೈಯನ್ನು ಮಕ್ಕಳೇ ಅನುಮಾನಿಸಿದರೆ ಆ ಕೆಲಸ ತನಗೆ ಬೇಡವಂತೆ.

ಮೊನ್ನೆ ಗುರುವಾರ ಭಾನುಪ್ರಿಯ ಜೇಬಿನಿಂದ ಒಂದು ಗೂಡು ತೆಗೆದು ನನ್ನ ಮೇಜಿನ ಮೇಲಿಟ್ಟಳು. ತಾತನಿಗೆ ಹೇಳದೆ ತಂದದ್ದು, ಅವತ್ತೇ ಬಿಡಿಸಿದ್ದು. ಇದನ್ನೂ ನಮ್ಮದನ್ನೂ ಕತ್ತರಿಸಿ ಒಟ್ಟಿಗೆ ಇಟ್ಟು ನೋಡೋಣ ಎಂದಳು. ನನಗೆ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ನಾನು ಮನುಷ್ಯರ ಮುಖ ನೋಡುವುದರಲ್ಲೇ ಮುಳುಗಿಹೋಗಿದ್ದೆ. ಬ್ಲೇಡಿನಿಂದ ಎರಡನ್ನೂ ತುದಿಯಲ್ಲಿ ಕತ್ತರಿಸಿದೆ. ಅವಳು ತಂದದ್ದರೊಳಗಿನ ಕೋಶ ಹಳದಿಗೆಂಪು, ಮೆತ್ತಗಿತ್ತು, ಮುಟ್ಟಿದರೆ ಬಾಲದ ತುದಿ ಆಡಿಸಿತು. ನಮ್ಮದು ಒಣಗಿ ಕಲ್ಲಾಗಿತ್ತು. ಆದರೆ ಆಕಾರದಲ್ಲಿ ಎರಡೂ ಒಂದೇ. ಪುಸ್ತಕದ ಚಿತ್ರ ತೆಗೆದು ತೋರಿಸಿದೆ. ದಿನ ಕಳೆದ ಹಾಗೆ ಒಳಗಿನದರ ಕಣ್ಣು ಕಪ್ಪಾಗಬೇಕು, ಮೈಮೇಲೆ ರೆಕ್ಕೆಯ ಗುರುತು ಮೂಡಬೇಕು. ನಮ್ಮ ಯಾವ ಗೂಡಿನಲ್ಲೂ ಕಣ್ಣು ಕಪ್ಪಾಗಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ನೋಡಿದೆವು, ಬಿಡಿಸಿದ ದಿನ ಹೇಗಿದ್ದವೋ ಹಾಗೆಯೇ ನಿಂತುಹೋಗಿದ್ದವು.

"ಹಂಗಾದ್ರೆ ಇವು ನಮ್ ಶಾಲೆಗೆ ಬರೋಕೆ ಮುಂಚೇನೆ ಸತ್ತೋಗಿದ್ವು. ಅಲ್ವಾ ಮಿಸ್?" ಎಂದಳು ಭಾನುಪ್ರಿಯ.

ಹೌದು ಎಂದೆ. ಹಾಗಾದರೆ ಕೆಂಚಮ್ಮ ಅಲ್ಲ, ನಮ್ಮ ತಾತನೂ ಅಲ್ಲ, ಚೈತನ್ಯ ಸಾರೂ ಅಲ್ಲ ಎಂದು ಒಬ್ಬೊಬ್ಬರನ್ನೇ ಬಿಡಿಸಿದಳು. ಆಮೇಲೆ, ಗೂಡು ಕೊಟ್ಟವರು ಯಾರು ಮಿಸ್, ನಿಮ್ಮ ಅವ್ವನೋರೇ ಅಲ್ವಾ ಎಂದಳು. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಬಸ್ಸಿನಲ್ಲಿ ತರುವಾಗ ಬಿಸಿಲಿಗೆ ಸತ್ತಿರಬೇಕು ಎಂದೆ. ಬೆಳಗಿನಿಂದ ಮೋಡ ಮುಚ್ಚಿದ್ದ ದಿನ ಅದು, ಅವತ್ತು ನಾನು ಕೊಡೆ ಹಿಡಿದು ಬಂದದ್ದನ್ನು ಅವರೆಲ್ಲ ನೋಡಿದ್ದಾರೆ. ಮಿಸ್ ಸುಳ್ಳು ಹೇಳುತ್ತಾರೆ ಎಂಬ ಅವರ ಮಾತು ಅವತ್ತು ನಿಜವಾಯಿತು.

ಈಗ ಕೇಳುತ್ತೇನೆ. ಅವತ್ತು ನಾನು ಗೂಡು ಕೇಳಿದಾಗ ನೀನು ತಕ್ಷಣ ಕೊಡಲಿಲ್ಲ. ಕೂತಿರು, ಮಜ್ಜಿಗೆ ಕುಡಿ ಎಂದು ಒಳಗೆ ಹೋದೆ. ಬಹಳ ಹೊತ್ತಾದ ಮೇಲೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದುಕೊಟ್ಟೆ. ಬಟ್ಟೆ ಬೆಚ್ಚಗಿತ್ತು, ಒಂದು ಕಡೆ ತೇವವಿತ್ತು. ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ರಾತ್ರಿಗೆ ಇಡ್ಲಿಯಾ ಎಂದು ಕೇಳಿದ್ದಕ್ಕೆ ನೀನು ಹ್ಞೂಂ ಎಂದೆ. ಅವತ್ತು ರಾತ್ರಿ ನಾವು ಮುದ್ದೆ ಉಂಡೆವು ಅವ್ವ. ನೀನು ಬೇಯಿಸಿದೆಯಾ? ಬೇಯಿಸಿದ್ದರೆ ಯಾಕೆ? ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದಿದ್ದರೆ ಸಾಕಿತ್ತು. ಬೋರಲಿಂಗಯ್ಯನವರ ಹಾಗೆ ನೀನೂ, ಮಕ್ಕಳು ನೋಡುವುದು ಬೇಡ ಎಂದುಕೊಂಡೆಯಾ? ನಾನು ಎಷ್ಟೋ ಜನರನ್ನು ಅನುಮಾನಿಸಿದ್ದೇನೆ, ನಿನ್ನನ್ನು ಅನುಮಾನಿಸಲು ಮಾತ್ರ ನನ್ನ ಕೈಲಿ ಆಗುತ್ತಿಲ್ಲ. ಮೂರು ದಿನದಿಂದ ಊಟ ಸೇರುತ್ತಿಲ್ಲ.

ಅಲ್ಲ ಎಂದಾದರೂ ಬರೆ, ಹೌದು ಎಂದಾದರೂ ಬರೆ. ಫೋನ್ ಮಾತ್ರ ಮಾಡಬೇಡ.

ನಿನ್ನ ಮಗಳು,
ಧನು

ಮರೆತಿದ್ದೆ: ಗೂಡು ಮೊದಲೇ ಸತ್ತಿತ್ತು ಎಂಬುದನ್ನು ಕೆಂಚಮ್ಮನಿಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ಊರು ನಿನ್ನ ಹೆಸರು ಎತ್ತುತ್ತದೆ. ನಿನ್ನ ಉತ್ತರ ಬರುವವರೆಗೆ ಆಕೆಯೇ ಹೊತ್ತುಕೊಂಡಿರಲಿ ಎಂದು ಸುಮ್ಮನಿದ್ದೇನೆ. ನಾನು ಇಂಥವಳು ಎಂದು ನಿನಗೊಬ್ಬಳಿಗೆ ಗೊತ್ತಿರಲಿ.


ಕನಕಪುರ ತಾಲ್ಲೂಕು
೭ ಆಗಸ್ಟ್ ೨೦೨೪, ಬುಧವಾರ

ಮಗಳೇ ಧನು,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ನೀನು ಅಲ್ಲಿ ಇನ್ನೇನೇನು ಲೆಕ್ಕ ಹಾಕಿಕೊಂಡಿದ್ದೀಯೋ. ಬರೆಯುವುದು ಬಿಟ್ಟು ಎಷ್ಟೋ ವರ್ಷವಾಗಿದೆ, ಅಕ್ಷರ ಒಂದು ಕಡೆಗೆ ವಾಲುತ್ತದೆ, ಹೊಂದಿಸಿಕೊಂಡು ಓದು. ಇದನ್ನು ಪ್ರಕಾಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಟು ಹಾಕಿ, ಅದರ ಮೇಲೆ ನನ್ನ ಹೆಸರು ಬರೆದಿದ್ದೇನೆ. ಹರಿದಿದ್ದರೆ ಹೇಳು.

ಹೌದು, ಬೇಯಿಸಿದೆ. ಇಡ್ಲಿ ಪಾತ್ರೆಯಲ್ಲೇ ಬೇಯಿಸಿದೆ. ನೀನು ಕೂತಲ್ಲಿಂದ ಏಳುವುದಿಲ್ಲ ಎಂದುಕೊಂಡಿದ್ದೆ, ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು ನೋಡಿದ್ದೀಯ. ಅನುಮಾನದ ಬುದ್ಧಿ ಎಲ್ಲಿಂದ ಬಂತೆಂದು ನಿನ್ನ ಗಂಡ ಕೇಳಿದರೆ ನನ್ನ ಹೆಸರು ಹೇಳು.

ಮಕ್ಕಳು ನೋಡಬಾರದು ಎಂದು ಬೇಯಿಸಿದ್ದಲ್ಲ. ಮಕ್ಕಳು ನೋಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಶಾಲೆಗೆ ಬೇಕು ಎಂದೆ ನೀನು. ಗಾಜಿನ ಬೀರುವಿನಲ್ಲಿ ಇಟ್ಟು, ಇದು ರೇಷ್ಮೆ ಗೂಡು ಎಂದು ಚೀಟಿ ಅಂಟಿಸುತ್ತೀರಿ ಎಂದುಕೊಂಡೆ. ಹಾಗೆ ಇಡುವ ಗೂಡನ್ನು ಹಸಿಯಾಗಿ ಕೊಡುವುದು ಹೇಗೆ? ಚಿಟ್ಟೆ ಒಡೆದರೆ ಅದು ಒಡಕು ಗೂಡು, ಯಾರೂ ಮೂಸಿ ನೋಡುವುದಿಲ್ಲ. ಮಗಳ ಶಾಲೆಯಲ್ಲಿ ನನ್ನ ಗೂಡು ಒಡಕಾಗಿ ಕೂರುವುದು ಬೇಡ ಎಂದು ಒಳ್ಳೊಳ್ಳೆಯದನ್ನೇ ಆರಿಸಿದೆ. ಇದು ಒಂದು ಕಾರಣ.

ಇನ್ನೊಂದು ಕಾರಣವೂ ಇದೆ, ಅದನ್ನು ಬರೆಯದೆ ಬಿಟ್ಟರೆ ನೀನು ಹೇಗೂ ಕಂಡುಹಿಡಿಯುತ್ತೀಯ. ನೀನು ಆ ಊರಿಗೆ ಹೊರಗಿನವಳು. ಬೇರೆ ತಾಲ್ಲೂಕಿನ ಜೀವಂತ ಗೂಡನ್ನು ಊರೊಳಗೆ ತಂದಿಟ್ಟ ತಿಂಗಳಲ್ಲೇ ಯಾರದಾದರೂ ಬೆಳೆ ಹೋದರೆ, ಮೇಡಂ ರೋಗ ತಂದರು ಎನ್ನುತ್ತಾರೆ. ನಮ್ಮೂರಿನ ಅಂಕಯ್ಯನ ಸೊಸೆ ನೆನಪಿದೆಯಾ? ಅವಳ ತವರಿನವರು ಬಂದು ಹುಳು ಮನೆ ಬಾಗಿಲಲ್ಲಿ ನಿಂತು ನೋಡಿದರು, ಆ ಸಲದ ಬೆಳೆ ಕೊಳೆತು ಹೋಯಿತು. ಅವಳನ್ನು ಆ ಬಾಗಿಲು ದಾಟಲು ಆಮೇಲೆ ಬಿಡಲೇ ಇಲ್ಲ. ತನ್ನ ಮನೆಯಲ್ಲೇ ಪರಕೀಯಳಾಗಿ ಬದುಕಿದಳು. ನಿನಗೆ ಹಾಗಾಗಬಾರದು ಎಂದು ಹೆದರಿದೆ. ಬೆಂದ ಗೂಡಿನಿಂದ ಯಾವ ರೋಗವೂ ಬರುವುದಿಲ್ಲ, ಯಾವ ಅಪವಾದವೂ ಬರುವುದಿಲ್ಲ ಎಂದುಕೊಂಡೆ. ನಿನ್ನನ್ನು ಉಳಿಸಲು ಹೋಗಿ ಕೆಂಚಮ್ಮನ ತಲೆಗೆ ಕಟ್ಟಿದೆ. ಅದು ನನ್ನ ಮನಸ್ಸನ್ನು ಹಿಂಡುತ್ತಿದೆ.

ನಾನು ಹೇಳುವುದನ್ನು ಹಾಗೆಯೇ ಮಾಡು. ಮಕ್ಕಳ ಮುಂದೆ ಕೇಳಿದ್ದೀಯಲ್ಲ, ಮಕ್ಕಳ ಮುಂದೆಯೇ ಕೆಂಚಮ್ಮನ ಕೈ ಹಿಡಿದುಕೊಂಡು, ಬೇಯಿಸಿದ್ದು ನಮ್ಮ ಅವ್ವ ಎಂದು ಹೇಳು. ನನ್ನ ಹೆಸರಿಗೆ ಏನೂ ಆಗುವುದಿಲ್ಲ. ಆದರೂ ಆಗಲಿ, ನಾನು ಮಾಡಿದ್ದಲ್ಲವೇ? ಹದಿನೈದನೇ ತಾರೀಖಿಗೆ ಮುಂಚೆ ಹೇಳು. ಹಬ್ಬಕ್ಕೆ ಆಕೆಯನ್ನು ನಮ್ಮ ಮನೆಗೆ ಕರೆದುಕೊಂಡು ಬಾ, ನಾನೂ ಮುಖ ಕೊಟ್ಟು ಮಾತಾಡಬೇಕು.

ಪ್ರಕಾಶನ ಕೈಯಲ್ಲಿ ಒಂದು ಬುಟ್ಟಿ ಗೂಡು ಕಳಿಸಿದ್ದೇನೆ. ಬೇಯಿಸಿಲ್ಲ. ರೇಷ್ಮೆ ಇಲಾಖೆಯವರು ಬಂದಿದ್ದಾಗ ತೋರಿಸಿದೆ, ರೋಗವಿಲ್ಲ ಎಂದರು. ನೀನು ಮೊದಲು ಬೋರಲಿಂಗಯ್ಯನವರಿಗೆ ತೋರಿಸು, ಅವರು ಒಪ್ಪಿದ ಮೇಲೆ ಶಾಲೆಯೊಳಗೆ ಇಡು. ಭಾನುವಾರದ ಒಳಗೆ ಚಿಟ್ಟೆ ಬರುತ್ತದೆ, ಬೆಳಗಿನ ಹೊತ್ತು ಬರುತ್ತದೆ, ಆದ್ದರಿಂದ ಮಕ್ಕಳನ್ನು ಬೇಗ ಕರೆಸಿಕೋ. ಬೋರಲಿಂಗಯ್ಯನವರು ನಿನ್ನನ್ನು ಕೇಳಿದ ಮಾತಿಗೆ ನನ್ನ ಹತ್ತಿರವೂ ಉತ್ತರವಿಲ್ಲ. ಊಟ ಬಿಡಬೇಡ.

ನಿನ್ನ ಅವ್ವ,
ವರಲಕ್ಷ್ಮಮ್ಮ

ಬರೆದು ಮುಗಿಸಿದ ಮೇಲೆ ಇದು: ಚಿಟ್ಟೆ ಬೆಳಗಿನ ಹೊತ್ತು ಬರುತ್ತದೆ ಎಂದು ನಿನಗೆ ಹೇಗೆ ಗೊತ್ತು ಎಂದು ನೀನು ಕೇಳಿಯೇ ಕೇಳುತ್ತೀಯ. ನಿನ್ನ ಪತ್ರ ಬಂದ ದಿನ ಹಳೆಯ ಹುಳು ಮನೆಯ ಗೂಡು ಬಿಡಿಸುತ್ತಿದ್ದೆವು. ಒಂದು ಹಿಡಿ ಎತ್ತಿ ಮೊರದಲ್ಲಿಟ್ಟು ನನ್ನ ಮಂಚದ ಕೆಳಗೆ ತಳ್ಳಿದೆ. ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ್ದೇನೆ. ಮೂಲೆಯಲ್ಲಿ ಸತ್ತ ಚಿಟ್ಟೆಯನ್ನು ಗುಡಿಸಿ ಹಾಕಿದ್ದೇನೆಯೇ ಹೊರತು ಅದು ಬರುವುದನ್ನು ಕೂತು ನೋಡಿದವಳಲ್ಲ. ಒಂದು ಬೆಳಿಗ್ಗೆ ಗೂಡಿನ ತುದಿ ತೇವವಾಯಿತು. ಅಲ್ಲಿಂದ ತಲೆ ಬಂತು, ಕಾಲು ಬಂತು, ಮುದುರಿಕೊಂಡ ರೆಕ್ಕೆ ಬಂತು. ಬಿಸಿಲು ಏರುವ ಹೊತ್ತಿಗೆ ರೆಕ್ಕೆ ನೆಟ್ಟಗಾಯಿತು, ಆದರೆ ಹಾರಲಿಲ್ಲ. ಎಳೆ ಸೊಪ್ಪು ತಂದು ಮುಂದಿಟ್ಟೆ, ಮೂಸಲೂ ಇಲ್ಲ. ಅದು ಏನು ತಿನ್ನುತ್ತದೆ ಧನು? ನಿನ್ನ ಪುಸ್ತಕದಲ್ಲಿ ನೋಡಿ ತಿಳಿಸು. ಮೊನ್ನೆ ಹೊಸ ಹುಳು ಮನೆಯ ಗೂಡನ್ನು ರಾಮನಗರಕ್ಕೆ ಹಾಕುವುದಿತ್ತು. ಚೀಲಕ್ಕೆ ತುಂಬುವಾಗ ನನ್ನ ಕೈ ಏಳಲಿಲ್ಲ, ಪ್ರಕಾಶನನ್ನೇ ಕಳಿಸಿದೆ. ನನಗೆ ಮಂಡಿನೋವು ಎಂದು ಅವನಿಗೆ ಹೇಳಿದ್ದೇನೆ. ಕೇಳಿದರೆ ನೀನೂ ಹಾಗೆಯೇ ಹೇಳು.